ತಳ ಹಿಡಿದ ಪಾತ್ರೆ

ಕೇಳುಗರಿಗೆ ನಮಸ್ಕಾರ.

ಒಲೆಯ ಮೇಲಿಟ್ಟ ಹಾಲು ತಳ ಹಿಡಿದರೆ ನಮ್ಮ ಕೈ ಮೊದಲು ಹೋಗುವುದು ಸ್ಟೀಲಿನ ಜುಂಗಿನ ಕಡೆಗೆ. ಆದರೆ ಹಾಲಿನ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಕಾವಿಗೆ ಪರಸ್ಪರ ಬೆಸೆದುಕೊಂಡು, ನೀರಾರಿ, ಲೋಹದ ಮೈಗೆ ಕಚ್ಚಿಕೊಂಡಿರುವುದರಿಂದ, ಅವನ್ನು ಒಣಗಿದಂತೆಯೇ ಉಜ್ಜಿದರೆ ಸೀಕಲಿಗಿಂತ ಮೊದಲು ಪಾತ್ರೆಗೇ ಗೀರು ಬೀಳುತ್ತದೆ. ಆ ಸೀಕಲಿಗೆ ಮತ್ತೆ ನೀರು ಕುಡಿಸಬೇಕು.

ಸ್ಟೀಲ್ ಪಾತ್ರೆಯಾದರೆ ಸೀದ ಭಾಗ ಮುಳುಗುವಷ್ಟು ನೀರು ಹಾಕಿ, ಎರಡು ಚಮಚ ಅಡುಗೆ ಸೋಡಾ ಬೆರೆಸಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಆರಲು ಬಿಡಿ. ಸೋಡಾದ ಕ್ಷಾರವು ಸೀಕಲನ್ನು ಉಬ್ಬಿಸಿ ಸಡಿಲಿಸುತ್ತದೆ. ಆಮೇಲೆ ಮರದ ಸೌಟಿನಿಂದ ಕೆರೆದರೆ ಹಾಳೆಯಂತೆ ಏಳುತ್ತದೆ. ಏಳದಿದ್ದರೆ ಇನ್ನೊಮ್ಮೆ ಕುದಿಸಬೇಕೇ ಹೊರತು ಕೈಯ ಬಲ ಹೆಚ್ಚಿಸಬಾರದು. ನಮ್ಮ ಅಜ್ಜಿಯಂದಿರು ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದುದರ ಹಿಂದೆಯೂ ಇದೇ ಗುಣವಿತ್ತು: ಸೌದೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರವೇ ಆಗಿದ್ದು, ಜಿಡ್ಡನ್ನು ಬಿಡಿಸುತ್ತದೆ.

ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಈ ಉಪಾಯ ಬೇಡ. ಕ್ಷಾರವು ಆ ಲೋಹವನ್ನು ರಕ್ಷಿಸುವ ಆಕ್ಸೈಡ್ ಪದರವನ್ನು ಕರಗಿಸಿ ಅದನ್ನು ಕಪ್ಪಾಗಿಸುತ್ತದೆ. ವಾಷಿಂಗ್ ಸೋಡಾ ಇನ್ನೂ ಕೆಟ್ಟದ್ದು. ಬಿಸಿನೀರಿಗೆ ಸ್ವಲ್ಪ ಸಾಬೂನು ಸೇರಿಸಿ ರಾತ್ರಿಯಿಡೀ ನೆನೆಹಾಕಿ, ಬಳಿಕ ಉಳಿದ ಕಪ್ಪಿಗೆ ನಿಂಬೆಹಣ್ಣಿನ ಹೋಳು ಹಾಕಿದ ನೀರನ್ನು ಕುದಿಸಿದರೆ ಸಾಕು.

ಹೆಚ್ಚು ಎಚ್ಚರ ಬೇಕಾದದ್ದು ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಗೆ. ಕಲಾಯಿಯೆಂದರೆ ತವರದ ತೆಳು ಪದರ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ, ನೀರಿಲ್ಲದ ಪಾತ್ರೆಯನ್ನು ಉರಿಯ ಮೇಲಿಡುವುದು ಅದಕ್ಕೆ ಮುಳುವು. ತಾಯಿ ಜೋಪಾನವಾಗಿ ಬಳಸುತ್ತಿದ್ದ ಪಾತ್ರೆಯೊಂದರ ಕಲಾಯಿಯನ್ನು ನಾನು ಅವಸರದಲ್ಲಿ ಉಜ್ಜಿ ಕಳೆದೆ. ಒಳಗೆ ಹಿತ್ತಾಳೆಯ ಹಳದಿ ಕಂಡಾಗಿನ ಸಂಕಟ ಇಂದಿಗೂ ಮರೆತಿಲ್ಲ. ಒಳಭಾಗಕ್ಕೆ ಬೆಚ್ಚನೆಯ ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು, ಹುಣಸೆಹಣ್ಣು ಹೊರಮೈಗಿರಲಿ. ಹಳದಿ ಕಾಣಿಸತೊಡಗಿದರೆ ಮತ್ತೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಹುಳಿ ಪದಾರ್ಥ ಬೇಯಿಸಬೇಡಿ.

ಕಬ್ಬಿಣದ ಕಾವಲಿಯ ಹೊಳೆಯುವ ಕಪ್ಪು ಕೊಳೆಯಲ್ಲ, ಕಾದ ಎಣ್ಣೆ ಕಟ್ಟಿಕೊಟ್ಟ ರಕ್ಷೆ. ಅಂಟಿದ ದೋಸೆಯ ಚೂರನ್ನು ಕಲ್ಲುಪ್ಪಿನಿಂದ ತಿಕ್ಕಿ ತೆಗೆದು, ತೊಳೆದು, ಒಲೆಯ ಮೇಲೆಯೇ ಒಣಗಿಸಿ ಒಂದು ತೊಟ್ಟು ಎಣ್ಣೆ ಸವರಿಡಿ.

ನಮಸ್ಕಾರ.