ಅಡ್ವಾನ್ಸ್ ಕೊಡುವ ಮುಂಚೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ವಿನೋಬನಗರದಲ್ಲಿ ನಾವು ಹದಿನೆಂಟು ವರ್ಷ ಬಾಡಿಗೆಗೆ ಇದ್ದೆವು. ಕರಾರು ಪತ್ರ ಅಂತ ಒಂದು ತುಂಡು ಕಾಗದ ಇರಲಿಲ್ಲ. ಐದನೇ ತಾರೀಖು ಬಾಡಿಗೆ ಕೊಡೋಕೆ ಹೋದರೆ ಮನೆ ಮಾಲೀಕರ ಅಮ್ಮ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ ಕಳಿಸುತ್ತಿದ್ದರು. ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಾಗಲೂ ನಾನು ಅದೇ ಗುಂಗಿನಲ್ಲಿದ್ದೆ. ರಾತ್ರಿ ಬಸ್ಸಿಗೆ ಹೋದೆ. ಬ್ರೋಕರ್ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಒಂದು ಲಕ್ಷ ಅಡ್ವಾನ್ಸ್ ಕೊಟ್ಟು ಬಂದೆ.

ಎರಡು ವರ್ಷದ ಮೇಲೆ ಮನೆ ಬಿಟ್ಟಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ, ಹದಿನೆಂಟು ಸಾವಿರ, ಮುರಿದುಕೊಂಡರು. ಜಗಳಕ್ಕೆ ನಿಂತೆ. ಪತ್ರ ತೆಗೆದು ನೋಡಿದರೆ ಮೂರನೇ ಪುಟದಲ್ಲಿ ಆ ಸಾಲು ಇತ್ತು, ಕೆಳಗೆ ನನ್ನದೇ ಸಹಿ. ಯಾರನ್ನು ಬೈಯೋದು ಹೇಳಿ?

ಆಮೇಲೆ ಪರಿಚಯದ ವಕೀಲರೊಬ್ಬರ ಹತ್ತಿರ ಕೂತು ಕೇಳಿದೆ. ಬಾಡಿಗೆದಾರರಿಗೆ ಕಾನೂನು ಇದೆಯಲ್ಲ ಸಾರ್ ಅಂದೆ. ಇದೆ, ಆದರೆ ನಿಮಗಲ್ಲ ಅಂದರು. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ದೊಡ್ಡ ಊರುಗಳಲ್ಲೂ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಬೆಂಗಳೂರಲ್ಲಿ ಆ ದುಡ್ಡಿಗೆ ಈಗ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. ಎರಡೇ ತಿಂಗಳ ಅಡ್ವಾನ್ಸ್ ಅಂತ 2021ರಲ್ಲಿ ಕೇಂದ್ರ ಸರ್ಕಾರ ಹೇಳಿದ್ದು ಮಾದರಿ ಕಾಯ್ದೆಯಲ್ಲಿ. ರಾಜ್ಯಗಳು ತಮ್ಮದಾಗಿ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಹಾಗಾಗಿ ನಮ್ಮಂಥವರಿಗೆ ಆ ಕರಾರು ಪತ್ರವೇ ಕಾನೂನು ಇದ್ದಂತೆ.

ಬಾಡಿಗೆ ಕರಾರನ್ನು ಹೆಚ್ಚಾಗಿ ಹನ್ನೊಂದು ತಿಂಗಳಿಗೇ ಬರೆಸುತ್ತಾರೆ. ಈ ಲೆಕ್ಕ ಎಲ್ಲಿಂದ ಬಂತು ಅಂತ ನನಗೂ ಕುತೂಹಲ ಇತ್ತು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಓಡಾಟ ತಪ್ಪಿಸೋಕೆ ಹನ್ನೊಂದು.

ಹಾಗಂತ ಮಾಲೀಕರು ಮನಸ್ಸು ಬಂದಾಗ ಸಾಮಾನು ಬೀದಿಗೆ ಹಾಕುವಂತಿಲ್ಲ. ಬೀಗ ಬದಲಾಯಿಸಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಮನೆ ವಾಪಸ್ ಕೇಳಬಹುದು. ನೋಟಿಸ್ ಬಗ್ಗೆ ಪತ್ರದಲ್ಲಿ ಏನೂ ಬರೆದಿಲ್ಲವಾದರೆ, ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟಿಸ್ ಕೊಡಬೇಕು. ಇಬ್ಬರಿಗೂ ಅದೇ ನಿಯಮ, ನಾವೂ ರಾತ್ರೋರಾತ್ರಿ ಗಂಟು ಕಟ್ಟುವಂತಿಲ್ಲ.

ಎರಡನೇ ಮನೆಗೆ ನಾನು ಬೇರೆ ಥರ ಹೋದೆ. ಪತ್ರವನ್ನು ಮೊದಲೇ ವಾಟ್ಸಾಪ್‌ಗೆ ತರಿಸಿಕೊಂಡು, ಇಲ್ಲೇ ಜಗಲಿ ಮೇಲೆ ಕೂತು, ಪೆನ್ನು ಹಿಡಿದು ಓದಿದೆ. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಅನ್ನೋದೇ ಇರಲಿಲ್ಲ, ಬರೆಸಿದೆ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬರೆಸಿದೆ. ಪೇಂಟಿಂಗ್ ಸಾಲಿಗೆ ಬಂದಾಗ ಮಾಲೀಕರು, "ಎಲ್ಲರೂ ಕೊಡ್ತಾರೆ ಯಜಮಾನ್ರೇ" ಅಂದರು. ಕೊನೆಗೆ ಅರ್ಧಕ್ಕೆ ಒಪ್ಪಿದರು. ದುಡ್ಡನ್ನು ಕೈಯಲ್ಲಿ ಕೊಡದೆ ಬ್ಯಾಂಕಿನಿಂದಲೇ ಕಳಿಸಿದೆ.

ಒಳಗೆ ಹೋದ ದಿನ ಮಗಳು ಗೋಡೆ, ನಲ್ಲಿ, ಬಾಗಿಲು ಎಲ್ಲದರ ಫೋಟೋ ತೆಗೆದು ಮಾಲೀಕರಿಗೇ ಕಳಿಸಿದಳು. ಅಡುಗೆಮನೆ ಗೋಡೆಯಲ್ಲಿ ಹಳೆಯ ಮೊಳೆಯ ತೂತು ಎಂಟಿದ್ದವು. "ಅಪ್ಪಾ, ಎಂಟೂ ಎಣಿಸಿ ಬರೆದಿದ್ದೀನಿ" ಅಂದಳು.

ನಮಸ್ಕಾರ.