ಕ್ಲಿಪ್ ಆಗದ ಅನಿಮೆಗಳು: ನೀವು ದಾಟಿ ಹೋಗಿರಬಹುದಾದ ಮೂರು ಸೀರೀಸ್

[ಪರದೆ ಮೇಲೆ: ಖಾಲಿ ವೇದಿಕೆ, ನಡುವೆ ಒಂದು ಮೆತ್ತನೆ ಆಸನ, ಅದರ ಮೇಲೆ ಕಿಮೋನೊ ತೊಟ್ಟ ಒಬ್ಬ ಮನುಷ್ಯ. ಹಿನ್ನೆಲೆ ಸಂಗೀತ ಬೇಡ.]

ಇನ್ನು ಸ್ವಲ್ಪ ಹೊತ್ತು ಈತ ಕೂತ ಜಾಗದಿಂದ ಏಳಲ್ಲ. ಕತ್ತಿ ಬರಲ್ಲ, ಕಣ್ಣಿನ ಬಣ್ಣ ಬದಲಾಗಲ್ಲ, ಹಿಂದೆ ಬೆಂಕಿ ಎದ್ದು ನಿಲ್ಲಲ್ಲ. ಕೂತು ಕಥೆ ಹೇಳ್ತಾನೆ, ಅಷ್ಟೇ. ಇದನ್ನ ಮೂವತ್ತು ಸೆಕೆಂಡಿಗೆ ಕತ್ತರಿಸಿ ರೀಲ್ ಮಾಡಿ ಅಂದ್ರೆ ಯಾರ ಕೈಲೂ ಆಗಲ್ಲ. ಈ ಸೀರೀಸ್ ನಿಮ್ಮ ಕಣ್ಣಿಗೆ ಬೀಳದೇ ಹೋಗಿದ್ದಕ್ಕೆ ದೊಡ್ಡ ಕಾರಣ ಅದೇ ಅಂತ ನನ್ನ ಅನಿಸಿಕೆ.

ನಮಸ್ಕಾರ. ಇವತ್ತು ನಮಗೆ ಅನಿಮೆ, ಅಂದ್ರೆ ಜಪಾನಿನ ಅನಿಮೇಷನ್, ಗೊತ್ತಾಗೋದು ಹೇಗೆ ಹೇಳಿ? ಯಾರೋ ಒಂದು ಫೈಟ್ ಕ್ಲಿಪ್ ಕಳಿಸ್ತಾರೆ, ಚೆನ್ನಾಗಿದೆ ಅನ್ಸುತ್ತೆ, ಹುಡುಕಿ ನೋಡ್ತೀವಿ. ಅದರಲ್ಲಿ ತಪ್ಪೇನಿಲ್ಲ, 'ಜುಜುತ್ಸು ಕೈಸೆನ್' ನಾನೂ ಬಿಡದೆ ನೋಡಿದೀನಿ. ಆದ್ರೆ ಕೆಲವು ಸೀರೀಸ್‌ಗಳ ಬಲ ಇರೋದು ಒಂದು ದೃಶ್ಯದಲ್ಲಲ್ಲ, ಎಪಿಸೋಡ್ ಮೇಲೆ ಎಪಿಸೋಡ್ ಕೂಡ್ತಾ ಹೋಗೋ ಭಾರದಲ್ಲಿ. ಅವು ಕ್ಲಿಪ್ ಆಗಲ್ಲ, ಅದಕ್ಕೇ ನಮ್ಮವರೆಗೂ ಬರಲ್ಲ. ಅಂಥ ಮೂರರ ಬಗ್ಗೆ ಇವತ್ತು ಮಾತಾಡೋಣ. ಸ್ಪಾಯ್ಲರ್ ಆದಷ್ಟು ತಪ್ಪಿಸ್ತೀನಿ.

[ಪರದೆ ಮೇಲೆ: ಶೋವಾ ಗೆನ್‌ರೊಕು ರಾಕುಗೊ ಶಿಂಜೂ. 2016–2017, ಸ್ಟುಡಿಯೋ ಡೀನ್]

ಮೊದಲನೇದು 'ಶೋವಾ ಗೆನ್‌ರೊಕು ರಾಕುಗೊ ಶಿಂಜೂ'. ಹೆಸರು ಕೇಳಿಯೇ ಅರ್ಧ ಜನ ಓಡಿಹೋಗ್ತಾರೆ. ಸ್ವಲ್ಪ ತಡೀರಿ.

ರಾಕುಗೊ ಅನ್ನೋದು ಜಪಾನಿನ ಕಥೆ ಹೇಳೋ ಕಲೆ. ಒಬ್ಬನೇ ಕಲಾವಿದ, ಮಂಡಿಯೂರಿ ಕೂತಿರ್ತಾನೆ. ಕೈಯಲ್ಲಿ ಒಂದು ಬೀಸಣಿಗೆ, ಒಂದು ಕರವಸ್ತ್ರ. ಬೀಸಣಿಗೆಯೇ ಚಾಪ್‌ಸ್ಟಿಕ್, ಅದೇ ಹುಕ್ಕಾದಂಥ ಕೊಳವೆ, ಅದೇ ಕತ್ತಿ. ಮುಖ ಎಡಕ್ಕೆ ತಿರುಗಿಸಿದ್ರೆ ಒಂದು ಪಾತ್ರ, ಬಲಕ್ಕೆ ತಿರುಗಿಸಿದ್ರೆ ಇನ್ನೊಂದು. ಕರಾವಳಿ, ಮಲೆನಾಡಿನ ಕಡೆಯವರು ತಾಳಮದ್ದಳೆ ನೆನೆಸ್ಕೊಳ್ಳಿ: ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲಿ ಇಡೀ ಪ್ರಸಂಗ. ಅಲ್ಲಿ ಒಬ್ಬೊಬ್ಬ ಅರ್ಥಧಾರಿಗೆ ಒಂದೊಂದು ಪಾತ್ರ, ಇಲ್ಲಿ ಎಲ್ಲ ಪಾತ್ರಕ್ಕೂ ಒಬ್ಬನೇ.

ಕಥೆ ಶುರುವಾಗೋದು ಜೈಲಿಂದ ಬಿಡುಗಡೆಯಾದ ಒಬ್ಬ ಹುಡುಗನಿಂದ. ಮೊದಲು ಯಾಕುಜಾ ಗ್ಯಾಂಗಲ್ಲಿ ಇದ್ದವನು. ಜೈಲಲ್ಲಿ ಯಾಕುಮೊ ಅನ್ನೋ ಹಿರಿಯ ಕಲಾವಿದರ 'ಸಾವಿನ ದೇವರು' ಕಥೆ ಕೇಳಿ ಹುಚ್ಚಾಗಿದಾನೆ. ಹೊರಗೆ ಬಂದವನೇ ಅವರ ಕಾಲಿಗೆ ಬಿದ್ದು, ಶಿಷ್ಯನಾಗಿ ಇಟ್ಕೊಳ್ಳಿ ಅಂತಾನೆ. ಅಲ್ಲಿಯವರೆಗೆ ಯಾರನ್ನೂ ಶಿಷ್ಯ ಮಾಡ್ಕೊಳ್ಳದ ಮನುಷ್ಯ ಈ ಒಬ್ಬನನ್ನ ಮನೆಗೆ ಕರ್ಕೊಂಡು ಹೋಗ್ತಾರೆ. ಮನೆಯಲ್ಲಿ ಕೊನಾತ್ಸು ಅನ್ನೋ ಹುಡುಗಿ. ಯಾಕುಮೊ ಅವರ ಸತ್ತುಹೋದ ಗೆಳೆಯ ಸುಕೆರೊಕುವಿನ ಮಗಳು. ನನ್ನಪ್ಪನನ್ನ ಕೊಂದಿದ್ದು ನೀನೇ ಅಂತ ಸಾಕಿದವರ ಮುಖಕ್ಕೇ ಹೇಳೋವಷ್ಟು ಸಿಟ್ಟು ಅವಳಿಗೆ.

ಮೊದಲ ಎಪಿಸೋಡ್ ಮಾಮೂಲಿಗಿಂತ ಸುಮಾರು ಎರಡರಷ್ಟು ಉದ್ದ. ಹಳೇ ಗ್ಯಾಂಗಿನ ಅಣ್ಣ ಈ ಹುಡುಗನನ್ನ ವಾಪಸ್ ಕರ್ಕೊಂಡು ಹೋಗೋಕೆ ಬರ್ತಾನೆ. ನನ್ನ ಕಾರ್ಯಕ್ರಮ ಒಂದ್ಸಲ ನೋಡಿ ಅಂತ ಹುಡುಗ ಅವನನ್ನೇ ಕರೀತಾನೆ. ಆವತ್ತು ಹೇಳೋ ಕಥೆ ಯಾವುದು ಗೊತ್ತಾ? ಒಬ್ಬ ಪೆದ್ದ ಕಳ್ಳನ ಕಥೆ. ಮಾಜಿ ರೌಡಿ ವೇದಿಕೆ ಮೇಲೆ ಕೂತು ಕಳ್ಳನ ಪಾತ್ರ ಮಾಡ್ತಿದಾನೆ, ಎದುರಿಗೆ ನಿಜವಾದ ರೌಡಿ ಕೂತಿದಾನೆ. ಅನಿಮೆ ಆ ಕಥೆಯನ್ನ ತುಂಡು ತುಂಡಾಗಿ ತೋರಿಸಿ ಮುಂದೆ ಹೋಗಲ್ಲ, ನಿಮಿಷಗಟ್ಟಲೆ ಬಿಟ್ಟುಕೊಡುತ್ತೆ. ಬೆವರು, ಗಂಟಲು, ಬೆರಳು, ನೋಡ್ತಿರೋರ ಮುಖ. ಮೊದಲ ನಗು ಬರೋವರೆಗೂ ನಮ್ಮ ಹೊಟ್ಟೆಯಲ್ಲೇ ತಳಮಳ.

ಆಮೇಲೆ ಮೊದಲ ಸೀಸನ್ ಹೆಚ್ಚುಕಮ್ಮಿ ಪೂರ್ತಿ ಫ್ಲಾಶ್‌ಬ್ಯಾಕ್. ಯಾಕುಮೊ ಹುಡುಗನಾಗಿದ್ದಾಗ ಅವರ ಹೆಸರು ಕಿಕುಹಿಕೊ. ಕಾಲು ಪೆಟ್ಟಾಗಿ ನಾಟ್ಯ ಬಿಟ್ಟು ರಾಕುಗೊಗೆ ಬಂದವರು. ಅದೇ ದಿನ ಅದೇ ಗುರುವಿನ ಹತ್ರ ಸೇರಿದವನು ಸುಕೆರೊಕು. ಇವರು ಬೆಳಿಗ್ಗೆ ಸಂಜೆ ಅಭ್ಯಾಸ ಮಾಡಿದ್ರೂ ಸಭೆ ನಗಲ್ಲ, ಅವನು ಕುಡಿದು ಬಂದು ಕೂತ್ರೂ ಸಭೆ ಅವನದ್ದು. ಆ ಅಸೂಯೆಯನ್ನ ಈ ಸೀರೀಸ್ ದ್ವೇಷ ಮಾಡಿ ಸುಲಭ ಮಾಡ್ಕೊಳ್ಳಲ್ಲ, ಗೆಳೆತನದ ಒಳಗೇ ಇಟ್ಟಿರುತ್ತೆ. ನನಗೆ ತುಂಬಾ ಹಿಡಿಸಿದ್ದು ಅದು. ನಡುಭಾಗದಲ್ಲಿ ಕಿಕುಹಿಕೊ ಒಂದು ವೇಶ್ಯೆಯ ಕಥೆ ಹೇಳ್ತಾ ತನ್ನ ದಾರಿ ಕಂಡುಕೊಳ್ಳೋ ಎಪಿಸೋಡ್ ಇದೆ. ಅಲ್ಲಿಗೆ ಬರೋ ಹೊತ್ತಿಗೆ ಇವರು ಎಷ್ಟು ಸಲ ಸೋತಿದಾರೆ ಅಂತ ನಿಮಗೆ ಗೊತ್ತಿರುತ್ತೆ. ಆ ಎಪಿಸೋಡ್ ಒಂದನ್ನೇ ಯಾರಾದ್ರೂ ಕಳಿಸಿದ್ರೆ ಏನೂ ಅನ್ಸಲ್ಲ.

ಇತಿಹಾಸಾನೂ ಇದೆ. 1941ರಲ್ಲಿ ಯುದ್ಧದ ಹೊತ್ತಲ್ಲಿ ಶೃಂಗಾರ, ವೇಶ್ಯೆಯರ ವಿಷಯ ಬರೋ 53 ಕಥೆಗಳನ್ನ ಇನ್ನು ಹೇಳಬಾರದು ಅಂತ ರಾಕುಗೊ ಕಲಾವಿದರೇ ಕೈಬಿಟ್ಟು, ಟೋಕಿಯೊದ ಅಸಾಕುಸದ ಒಂದು ದೇವಸ್ಥಾನದಲ್ಲಿ ಆ ಕಥೆಗಳಿಗೆ ಸಮಾಧಿ ಕಟ್ಟಿದ್ರು. ನಿಜವಾಗಿ ನಡೆದಿದ್ದು. ಯುದ್ಧ ಮುಗಿದ ಮೇಲೆ 1946ರಲ್ಲಿ ವಾಪಸ್ ಬಂದವು.

ಸಬ್‌ಟೈಟಲ್ ಹಾಕ್ಕೊಂಡು ಜಪಾನೀಸ್ ಆಡಿಯೋದಲ್ಲೇ ನೋಡಿ, ಇದರಲ್ಲಿ ರಾಜಿ ಬೇಡ. ಕಿಕುಹಿಕೊ ದನಿ ಅಕಿರಾ ಇಶಿದಾ. 'ನರುಟೊ'ದ ಗಾರಾ, 'ಡೀಮನ್ ಸ್ಲೇಯರ್'ನ ಅಕಾಜಾ ಅವರೇ. ಇಲ್ಲಿ ಹದಿಹರೆಯದಿಂದ ಮುದುಕನಾಗೋವರೆಗೂ ಅವರದೇ ದನಿ, ಜೊತೆಗೆ ಕಥೆಯೊಳಗಿನ ಪಾತ್ರಗಳೂ ಅವರದೇ. ಸುಕೆರೊಕು ದನಿ ಕೊಯಿಚಿ ಯಾಮಾದೆರಾ, ಇಬ್ಬರ ನಡುವೆ ಬರೋ ಮಿಯೋಕಿಚಿ ದನಿ ಮೆಗುಮಿ ಹಯಾಶಿಬಾರಾ. ಅಂದ್ರೆ 'ಕೌಬಾಯ್ ಬೀಬಾಪ್'ನ ಸ್ಪೈಕ್ ಮತ್ತು ಫೇ! ನಿರ್ದೇಶಕ ಮಾಮೊರು ಹತಾಕೆಯಾಮಾ, ಆಮೇಲೆ 'ಕಾಗುಯಾ-ಸಾಮಾ' ಮಾಡಿದವರು.

ಒಂದು ತಕರಾರು ಇದೆ. ಎರಡನೇ ಸೀಸನ್ನಿನ ಕೊನೆಯಲ್ಲಿ ಒಂದು ಸಂಬಂಧದ ಬಗ್ಗೆ ಒಂದು ಸುಳಿವು ಬಿಡ್ತಾರೆ. ಅದು ಇಲ್ಲದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ನೋಡಿದವರಿಗೆ ಯಾವುದು ಅಂತ ಗೊತ್ತಾಗಿರುತ್ತೆ.

[ಪರದೆ ಮೇಲೆ: ಪ್ಲಾನೆಟ್ಸ್. 2003–2004, ಸನ್‌ರೈಸ್, 26 ಎಪಿಸೋಡ್]

ಎರಡನೇದು 'ಪ್ಲಾನೆಟ್ಸ್'. 'ವಿನ್‌ಲ್ಯಾಂಡ್ ಸಾಗಾ' ಬರೆದ ಮಕೊತೊ ಯುಕಿಮುರಾ ಅವರ ಮೊದಲಿನ ಮಾಂಗಾ, ಅಂದ್ರೆ ಜಪಾನಿ ಕಾಮಿಕ್ಸ್. ಅನಿಮೆ ನಿರ್ದೇಶನ ಗೊರೊ ತಾನಿಗುಚಿ, 'ಕೋಡ್ ಗಿಯಾಸ್' ಮಾಡೋಕೆ ಮುಂಚೆ.

2075ನೇ ಇಸವಿ. ನಾಯಕರು ಯಾರು? ಬಾಹ್ಯಾಕಾಶದ ಕಸ ಎತ್ತೋರು. ದೊಡ್ಡ ಕಂಪನಿಯ ಮೂಲೆಯ ಡಿಪಾರ್ಟ್‌ಮೆಂಟ್, ಬಜೆಟ್ ಇಲ್ಲ, ಜನ ಇಲ್ಲ, ಮೇಲಿನವರಿಗೆ ಲೆಕ್ಕಕ್ಕೇ ಇಲ್ಲ. ಆದ್ರೆ ಒಂದು ಸಣ್ಣ ಸ್ಕ್ರೂ ಸೆಕೆಂಡಿಗೆ ಕಿಲೋಮೀಟರ್‌ಗಟ್ಟಲೆ ವೇಗದಲ್ಲಿ ಬಂದು ಪ್ರಯಾಣಿಕರ ನೌಕೆಗೆ ಬಡಿದ್ರೆ ಏನಾಗುತ್ತೆ ಅಂತ ಮೊದಲ ಎಪಿಸೋಡ್‌ನಲ್ಲೇ ತೋರಿಸ್ತಾರೆ. ಹೊರಗೆ ನಿರ್ವಾತದಲ್ಲಿ ಸದ್ದೇ ಇರಲ್ಲ.

ಇದು ಈಗ ಬರೀ ಕಥೆಯಲ್ಲ. 2009ರ ಫೆಬ್ರವರಿಯಲ್ಲಿ ಒಂದು ಇರಿಡಿಯಂ ಉಪಗ್ರಹವೂ ಕೆಲಸ ನಿಲ್ಲಿಸಿದ್ದ ರಷ್ಯದ ಉಪಗ್ರಹವೂ ನಿಜವಾಗಿಯೇ ಡಿಕ್ಕಿ ಹೊಡೆದವು. ನಮ್ಮ ಬೆಂಗಳೂರಲ್ಲೇ ಇಸ್ರೊ 2022ರಲ್ಲಿ ಇಂಥ ಅಪಾಯಗಳ ಮೇಲೆ ಕಣ್ಣಿಡೋಕೆ ಒಂದು ಕೇಂದ್ರ ತೆರೆದಿದೆ.

ಮೊದಲರ್ಧದಲ್ಲಿ ಆಫೀಸ್ ಕಾಮಿಡಿ ಜಾಸ್ತಿ, ಕೆಲವು ಜೋಕ್ ಹಳಸಿವೆ. ಆದ್ರೂ ಬಿಡಬೇಡಿ. ಫೀ ಅನ್ನೋ ಪೈಲಟ್‌ಗೆ ಸಿಗರೇಟ್ ಚಟ. ಉಗ್ರರು ಧೂಮಪಾನದ ಕೋಣೆಗಳಲ್ಲೇ ಬಾಂಬ್ ಇಡ್ತಾರೆ, ಅವಳು ಒಂದು ದಮ್ ಎಳೆಯೋಕೆ ಜಾಗ ಸಿಗದೆ ಕೆರಳಿ ಮಾಡೋ ಕೆಲಸ ನೋಡಿ ನಕ್ಕೂ ನಕ್ಕೂ ಸಾಕಾಗುತ್ತೆ. ಅದಕ್ಕೆ ಸ್ವಲ್ಪ ಮುಂಚೆಯೇ ಎಲ್ ಟಾನಿಕಾ ಅನ್ನೋ ಬಡ ದೇಶದ ಒಬ್ಬ ಎಂಜಿನಿಯರ್ ಬರ್ತಾನೆ. ತಾವೇ ಊರಲ್ಲಿ ತಯಾರಿಸಿದ ಸ್ಪೇಸ್‌ಸೂಟ್ ಇಟ್ಕೊಂಡು ಒಂದೊಂದು ಬಾಗಿಲು ತಟ್ಟುತ್ತಾನೆ, ಪರೀಕ್ಷೆ ಮಾಡೋಕೂ ಯಾರೂ ಒಪ್ಪಲ್ಲ. ಇತ್ತ ಅವನ ದೇಶದ ಮೇಲೆ ಯುದ್ಧ ಶುರು. ಸೂಟ್ ಪಾಸಾಯ್ತಾ ಇಲ್ವಾ ಅಂತ ನಾನು ಹೇಳಲ್ಲ. ಬಾಹ್ಯಾಕಾಶಕ್ಕೆ ಹೋಗೋ ಹಕ್ಕು ಯಾರದು ಅನ್ನೋ ಪ್ರಶ್ನೆ ಅಲ್ಲಿಂದ ಕೊನೆಯವರೆಗೂ ಸೀರೀಸನ್ನ ಬಿಡಲ್ಲ.

[ಪರದೆ ಮೇಲೆ: ಡೆನ್ನೊ ಕಾಯಿಲ್. 2007, ಮ್ಯಾಡ್‌ಹೌಸ್, 26 ಎಪಿಸೋಡ್]

ಮೂರನೇದು ಬೇಗ ಹೇಳಿಬಿಡ್ತೀನಿ. 'ಡೆನ್ನೊ ಕಾಯಿಲ್'. 'ಇವಾಂಗೆಲಿಯನ್'ನಲ್ಲಿ ಅನಿಮೇಟರ್ ಆಗಿದ್ದ ಮಿತ್ಸುವೊ ಇಸೊ ಬರೆದು ನಿರ್ದೇಶಿಸಿದ್ದು. ಮಕ್ಕಳೆಲ್ಲ ಎಆರ್ ಕನ್ನಡಕ, ಅಂದ್ರೆ ನಿಜವಾದ ಜಗತ್ತಿನ ಮೇಲೆ ಡಿಜಿಟಲ್ ಚಿತ್ರ ತೋರಿಸೋ ಕನ್ನಡಕ, ಹಾಕ್ಕೊಂಡು ಓಡಾಡೋ ಊರು. ನಾಯಿಮರಿಯೂ ಡಿಜಿಟಲ್, ಅದಕ್ಕೆ ಬರೋ ಕಾಯಿಲೆಯೂ ಡಿಜಿಟಲ್. ಮೊದಲ ಐಫೋನ್ ಬಂದ ವರ್ಷದಲ್ಲೇ ಇದೂ ಬಂತು ಅಂತ ನೆನಪಿಟ್ಕೊಂಡು ನೋಡಿ. ಹನ್ನೆರಡನೇ ಎಪಿಸೋಡ್‌ನಲ್ಲಿ ಮಕ್ಕಳ ಮುಖದ ಮೇಲೆ ಡಿಜಿಟಲ್ ಗಡ್ಡ ಬೆಳೆಯುತ್ತೆ. ಆ ಗಡ್ಡದೊಳಗೆ ಒಂದು ನಾಗರಿಕತೆ ಹುಟ್ಟಿ, ದೇವರನ್ನ ಹುಡುಕಿ, ಅಣುಯುದ್ಧ ಮಾಡ್ಕೊಳ್ಳುತ್ತೆ. ಪುಟ್ಟ ಹುಡುಗಿಯೊಬ್ಬಳ ಗಲ್ಲದ ಮೇಲೆ! ಮಕ್ಕಳ ಶೋ ಅಂತ ಬಿಟ್ಟವರು ಇದನ್ನೂ ಬಿಟ್ರು.

ಎಲ್ಲಿಂದ ಶುರು ಮಾಡೋದು ಅಂದ್ರೆ, ವಾರಕ್ಕೆ ಒಂದೆರಡು ಎಪಿಸೋಡ್ ನೋಡೋ ಅಭ್ಯಾಸ ಇದ್ರೆ 'ಪ್ಲಾನೆಟ್ಸ್'. ಮನೆಯಲ್ಲಿ ತಮ್ಮನೋ ತಂಗಿನೋ ಪಕ್ಕದಲ್ಲಿ ಕೂರ್ತಾರೆ ಅಂದ್ರೆ 'ಡೆನ್ನೊ ಕಾಯಿಲ್'. 'ರಾಕುಗೊ'ಗೆ ಮಾತ್ರ ಒಂದು ಗಂಟೆ ಬಿಡುವು ಮಾಡ್ಕೊಂಡು, ಫೋನ್ ಬೇರೆ ರೂಮಲ್ಲಿ ಇಟ್ಟು ಕೂರಿ.

ಮುಂದಿನ ವಿಡಿಯೋ 'ಮೊರಿಬಿಟೊ' ಬಗ್ಗೆ: ಮೂವತ್ತು ವರ್ಷದ ಹೆಂಗಸು, ಕೈಯಲ್ಲಿ ಈಟಿ, ಬೆನ್ನಹಿಂದೆ ಒಬ್ಬ ರಾಜಕುಮಾರ. ಅದರಲ್ಲಿ ಫೈಟ್ ಇದೆ, ಗಾಬರಿ ಬೇಡ.