ಕೆರೆಯದೆ ಬಿಟ್ಟ ಪದರ

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಹಲ್ಲಿನ ಕ್ಲಿನಿಕ್ ಇದೆ. ಮಕ್ಕಳನ್ನು ಕರೆತರುವ ಅಮ್ಮಂದಿರು ಮೊದಲು ಹೇಳುವ ಮಾತು ಒಂದೇ. "ಡಾಕ್ಟ್ರೇ, ಪೂರ್ತಿ ಕೆರೆದು ತೆಗೀರಿ. ಚೂರು ಬಿಟ್ರೂ ಹುಳ ಮತ್ತೆ ತಿನ್ನುತ್ತೆ." ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ, ಅದು ಹಾಗಿರಲಿ. ಪೂರ್ತಿ ಕೆರೆಯಬೇಕು ಅನ್ನುವುದನ್ನು ಒಂದು ಕಾಲಕ್ಕೆ ನಾನೂ ನಂಬಿದ್ದೆ.

ಓದು ಮುಗಿಸಿದ ಹೊಸತು. ಹತ್ತು ವರ್ಷದ ಹುಡುಗನ ದವಡೆ ಹಲ್ಲು. ಕಂದು ಬಣ್ಣ ಒಂಚೂರೂ ಉಳಿಯಬಾರದು ಅಂತ ನನಗೆ ಹಟ. ಇನ್ನೊಂದು ಸಲ ಕೆರೆದೆ ನೋಡಿ, ಸಾಸಿವೆಯಷ್ಟು ರಕ್ತ ಕಾಣಿಸಿತು. ನರಕ್ಕೇ ತಗಲಿತ್ತು. ಕೊನೆಗೆ ಆ ಹಲ್ಲಿಗೆ ರೂಟ್ ಕೆನಾಲ್ ಮಾಡಬೇಕಾಯಿತು. ಇವತ್ತಾಗಿದ್ದರೆ ಅದಕ್ಕೆ ಮೊದಲೇ ಕೈ ನಿಲ್ಲಿಸುತ್ತಿದ್ದೆ.

ಹಲ್ಲಿನ ಮೇಲಿನ ಗಟ್ಟಿ ಕವಚ ಎನಾಮೆಲ್. ಅದರ ಕೆಳಗೆ ಡೆಂಟಿನ್, ಅದರೊಳಗೆ ನರ. ಡೆಂಟಿನ್ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ಖನಿಜ, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಮಿಕ್ಕಿದ್ದು ಕೊಲ್ಲಾಜೆನ್ ಎಂಬ ನಾರು, ಮತ್ತೆ ನೀರು. ನಾವು ತಿಂದ ಸಿಹಿಯಿಂದ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆಮ್ಲ ಖನಿಜವನ್ನು ಕರಗಿಸುತ್ತದೆ. ಆಲೆಮನೆಗಳ ಜಿಲ್ಲೆಯಲ್ಲಿ ಕೂತು ಬೆಲ್ಲ ಬಿಡಿ ಅಂದರೆ ಯಾರು ಕೇಳುತ್ತಾರೆ? ಊಟದ ಜೊತೆ ತಿನ್ನಿ, ದಿನವಿಡೀ ಚಪ್ಪರಿಸಬೇಡಿ ಅಂತ ಮಾತ್ರ ಹೇಳುತ್ತೇನೆ.

ಡೆಂಟಿನ್‌ಗೆ ಇಳಿದ ಹುಳುಕಿನಲ್ಲಿ ಎರಡು ಪದರ. ಮೇಲಿನದನ್ನು ಚಮಚದಂಥ ಪುಟ್ಟ ಸಲಕರಣೆಯಿಂದ ಕೆರೆದರೆ ನೆನೆದ ಅವಲಕ್ಕಿ ಹಾಗೆ ಮೆತ್ತಗೆ ಬರುತ್ತದೆ. ಅಲ್ಲಿ ನಾರೇ ಕೊಳೆತಿದೆ, ತೆಗೆಯಲೇಬೇಕು. ಕೆಳಗಿನದು ತೊಗಲಿನ ಹಾಗೆ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಖನಿಜ ಹೋಗಿದ್ದರೂ ನಾರು ಉಳಿದಿದೆ. ಬಳ್ಳಿ ಒಣಗಿದೆ, ಚಪ್ಪರ ಬಿದ್ದಿಲ್ಲ. ನರದ ಹತ್ತಿರ ಈ ಪದರವನ್ನು ಬಿಟ್ಟುಬಿಡುತ್ತೇವೆ. ಸುತ್ತಲ ಅಂಚಿನಲ್ಲಿ ಮಾತ್ರ ಕರ್ ಕರ್ ಅಂತ ಸದ್ದು ಬರುವಷ್ಟು ಗಟ್ಟಿ ಹಲ್ಲು ಸಿಗುವತನಕ ಕೆರೆಯುತ್ತೇವೆ. ಇಲ್ಲದಿದ್ದರೆ ಸಿಮೆಂಟ್ ಬಿಗಿಯಾಗಿ ಕೂರುವುದಿಲ್ಲ.

ಆ ಸಿಮೆಂಟಿನ ಹೆಸರು ಗ್ಲಾಸ್ ಅಯೊನೊಮರ್. ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಇದರ ಬಗ್ಗೆ ಬರೆದರು. ಒಂದು ಬಗೆಯ ಗಾಜಿನ ಪುಡಿ, ಒಂದು ಆಮ್ಲದ ದ್ರವ, ಎರಡನ್ನೂ ಬೇಗ ಬೇಗ ಕಲಸಬೇಕು. ಕಲಸಿದ್ದು ಮಿರಮಿರ ಹೊಳೆಯುತ್ತದೆ. ಹೊಳಪು ಆರುವ ಮೊದಲೇ ಹಲ್ಲಿಗೆ ತುಂಬಬೇಕು, ಆರಿತೋ ಎಸೆಯುವುದೇ. ಇದು ಹಲ್ಲಿನ ಕ್ಯಾಲ್ಸಿಯಂಗೆ ನೇರವಾಗಿ ಅಂಟುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಉಳಿದ ಬ್ಯಾಕ್ಟೀರಿಯಾಗೆ ಸಿಹಿ ಸಿಗುವುದಿಲ್ಲ. ಮೇಲಿನಿಂದ ಸಿಮೆಂಟಿನ ಫ್ಲೋರೈಡ್ ನಿಧಾನವಾಗಿ ಇಳಿಯುತ್ತದೆ. ಕೆಳಗೆ ನರದ ಕಡೆಯಿಂದ, ಡೆಂಟಿನ್‌ನ ಸಣ್ಣ ಸಣ್ಣ ಕೊಳವೆಗಳಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಬರುತ್ತವೆ. ನಾರಿನ ನಡುವೆ ಅಳಿದುಳಿದ ಹರಳುಗಳ ಮೇಲೆ ಹೊಸ ಖನಿಜ ಕೂರುತ್ತದೆ. ತಿಂಗಳುಗಳು ಹಿಡಿಯುತ್ತದೆ. ಮೊದಲಿದ್ದ ಡೆಂಟಿನ್ ಹಾಗೇ ವಾಪಸ್ ಬರುವುದಿಲ್ಲ, ಆದರೆ ತೊಗಲಿನಂತಿದ್ದದ್ದು ಗಟ್ಟಿಯಾಗುತ್ತದೆ.

ಗುಂಡಿ ನರಕ್ಕೆ ತೀರಾ ಹತ್ತಿರವಿದ್ದರೆ ಇನ್ನೊಂದು ಮದ್ದಿದೆ. ಸುಣ್ಣ! ಎಲೆಗೆ ಸವರುತ್ತೇವಲ್ಲ, ಇಟ್ಟಿಗೆ ಪುಡಿ ಬೆರೆಸಿ ಕನ್ನಂಬಾಡಿ ಕಟ್ಟೆಗೆ ಸುರ್ಕಿ ಗಾರೆ ಮಾಡಿದರಲ್ಲ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹಲ್ಲಿನ ವೈದ್ಯರು ಅದನ್ನು 1920ರ ದಶಕದಿಂದ ಬಳಸುತ್ತಿದ್ದಾರೆ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಿಂದ ಎಂಟಿಎ ಎಂಬ ಇನ್ನೊಂದು ಸಿಮೆಂಟ್ ಬಂತು. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದ್ದೇ, ಹಲ್ಲಿಗಾಗಿ ಶುದ್ಧ ಮಾಡಿದ್ದು. ನೀರು ಕುಡಿದು ಗಟ್ಟಿಯಾಗುತ್ತಾ ಸುಣ್ಣ ಬಿಡುತ್ತದೆ. ಆ ಸುಣ್ಣಕ್ಕೆ ನರದ ಜೀವಕೋಶಗಳು ಎಚ್ಚೆತ್ತು ಹೊಸ ಡೆಂಟಿನ್ ಕಟ್ಟುತ್ತವೆ.

ಹಾಗಂತ ಎಲೆ ಅಡಿಕೆ ಸುಣ್ಣವನ್ನು ಹಲ್ಲಿಗೆ ಮೆತ್ತಬೇಡಿ! ಯಜಮಾನರೊಬ್ಬರು ಮೆತ್ತಿಕೊಂಡು ಬಂದಿದ್ದರು, ಒಸಡು ಬೆಳ್ಳಗೆ ಸುಟ್ಟುಹೋಗಿತ್ತು. ರಾತ್ರಿ ತಾನಾಗೇ ನೋವು ಬಂದು ನಿದ್ದೆ ಕೆಡಿಸುವ ಹಲ್ಲಿಗೂ ಈ ಸಿಮೆಂಟ್ ಸಾಲದು. ಅಷ್ಟು ಹೊತ್ತಿಗೆ ನರವೇ ಕೆಟ್ಟಿರುವುದು ಜಾಸ್ತಿ.

ಮೊನ್ನೆ ಒಬ್ಬ ತಾಯಿ ಮಗಳ ಹಲ್ಲಿನೊಳಗೆ ಇಣುಕಿ ನೋಡಿದರು. "ಕಂದು ಇನ್ನೂ ಇದೆಯಲ್ಲ ಡಾಕ್ಟ್ರೇ?"

"ಇದೆಯಮ್ಮ, ಬೇಕಂತಲೇ ಬಿಟ್ಟೆ" ಅಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಸಿಮೆಂಟ್ ತುಂಬಿ, ಆರು ತಿಂಗಳ ಮೇಲೆ ಬನ್ನಿ, ಎಕ್ಸ್‌ರೇ ತೆಗೆದು ನೋಡೋಣ ಅಂತ ಚೀಟಿ ಬರೆದುಕೊಟ್ಟಿದ್ದೇನೆ.

ನಮಸ್ಕಾರ.